ಹತ್ತು ನಿಮಿಷದ ಹದ

ಚಾಕೊಲೇಟು ಹದಕ್ಕೆ ಬಂದಿದೆಯೋ ಇಲ್ಲವೋ ಎಂಬುದನ್ನು ಮೆರಿಯಲ್ ಟೋವಿ ನೋಡುತ್ತಿದ್ದುದು ಕೆಳತುಟಿಯಿಂದ. ಚಾಕುವಿನ ತುದಿಯನ್ನು ಕೊಪ್ಪರಿಗೆಯಲ್ಲಿ ಅದ್ದಿ ತುಟಿಗೆ ತಾಗಿಸುವುದು. ಬಿಸಿ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಅಲ್ಲಿ ಏನೂ ಇಲ್ಲವೇ ಇಲ್ಲ ಅನ್ನಿಸಿದರೆ ಅದೇ ಹದ.

ಏವನ್ ನದಿಯ ತಿರುವಿನಲ್ಲಿದ್ದ ಚಾಕೊಲೇಟ್ ಕಾರ್ಖಾನೆಗೆ ಅವಳು ಸೇರಿದಾಗ ಹದಿನೆಂಟು ವರ್ಷ. ಅದು ಮುಚ್ಚಿದಾಗ ನಲವತ್ತೊಂದು. ಕೊನೆಯ ದಿನ ಬೇರೆಯವರು ನೆನಪಿಗೆಂದು ಟೋಪಿ, ಹೆಸರಿನ ಬಿಲ್ಲೆ, ಡಬ್ಬಿಗಳನ್ನು ಒಯ್ದರು. ಮೆರಿಯಲ್ ತನ್ನ ಚಾಕುವನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು. ಮೂರು ತಿಂಗಳ ಬಳಿಕ, ಬ್ರಿಸ್ಟಲಿನ ಬೆಟ್ಟದ ಮೇಲಿರುವ ನಮ್ಮ ಪ್ರಯೋಗಶಾಲೆಗೆ ಸಂದರ್ಶನಕ್ಕೆ ಬಂದಳು. ಯಂತ್ರಗಳನ್ನು ನೋಡಿಕೊಳ್ಳಲು ಕೈ ಸ್ಥಿರವಾಗಿರುವ, ಅವಸರವಿಲ್ಲದ ಒಬ್ಬರು ಬೇಕೆಂದು ನಾವು ಜಾಹೀರಾತು ಕೊಟ್ಟಿದ್ದೆವು.

ಪ್ರಯೋಗಶಾಲೆಯ ಮುಖ್ಯಸ್ಥ ಹ್ಯೂ ಕಾರ್ಬರಿ, ಯುರೇನಿಯಂ ಅಂದರೆ ಹೆದರಿಕೆಯೇ ಎಂದು ಕೇಳಿದನಂತೆ.

"ಈಸ್ಟರ್ ಹಿಂದಿನ ವಾರ ನಲವತ್ತು ಸಾವಿರ ಚಾಕೊಲೇಟ್ ಮೊಟ್ಟೆ ಕಳಿಸಿದೋಳು ನಾನು," ಅಂದಳಂತೆ ಮೆರಿಯಲ್. "ಅದಕ್ಕಿಂತ ಹೆದರಿಸೋದು ಏನಿದೆ ನಿಮ್ಮ ಹತ್ರ, ತೋರ್ಸಿ."

ತೋರಿಸುವಂಥದ್ದು ಹೆಚ್ಚೇನೂ ಇರಲಿಲ್ಲ. ಉಕ್ಕಿನ ಒಂದು ದೊಡ್ಡ ಹಂಡೆ, ಅದರೊಳಗೆ ಗಾಳಿಯೇ ಇಲ್ಲದ ಬಯಲು. ಮೇಲೆ ಯುರೇನಿಯಂ ಲೋಹದ ಒಂದು ಬಿಲ್ಲೆ, ಕೆಳಗೆ ಕಾಯಿಸುವ ತಟ್ಟೆ, ತಟ್ಟೆಯ ಮೇಲೆ ಕಿರುಬೆರಳಿನ ಉಗುರಿನಷ್ಟು ಚೌಕದ ಒಂದು ಹರಳು. ನಡುವೆ ಆರ್ಗಾನ್ ಅನಿಲವನ್ನು ಚಿಟಿಕೆಯಷ್ಟು ಬಿಟ್ಟು ವಿದ್ಯುತ್ತು ಹಾಯಿಸಿದರೆ ನೇರಳೆ ಬೆಳಕು ಹತ್ತಿಕೊಳ್ಳುತ್ತದೆ. ಆ ಬೆಳಕಿನಲ್ಲಿ ಯುರೇನಿಯಂ ಅಣು ಅಣುವಾಗಿ ಉದುರಿ ಕೆಳಗಿನ ಹರಳಿನ ಮೇಲೆ ಕೂರುತ್ತದೆ. ಕೆಳಗಿನ ಹರಳು ಹೇಗೆ ಸಾಲು ಕಟ್ಟಿದೆಯೋ ಮೇಲೆ ಕೂತದ್ದೂ ಹಾಗೆಯೇ ಸಾಲು ಕಟ್ಟಬೇಕು. ಅಣುಸ್ಥಾವರದಲ್ಲಿ ಉರಿಯುವ ನಿಜವಾದ ಇಂಧನದ ಗುಳಿಗೆಯಲ್ಲಿ ಕೋಟ್ಯಂತರ ಕಣಗಳು ಸಂತೆಯ ಜನರಂತೆ ದಿಕ್ಕಿಗೊಂದು ಮುಖ ಮಾಡಿರುತ್ತವೆ. ಗುಳಿಗೆಗೆ ನೀರು ತಾಗಿದರೆ ಅದನ್ನು ಎಲ್ಲಿಂದ, ಯಾಕೆ ತಿನ್ನುತ್ತದೆ ಎಂದು ಹೇಳುವುದು ಕಷ್ಟ. ನಮ್ಮ ಪದರದಲ್ಲಿ ಎಲ್ಲವೂ ಒಂದೇ ಕಡೆ ಮುಖ ಮಾಡಿರುತ್ತವೆ. ಕೇಳಿದ ಒಂದು ಪ್ರಶ್ನೆಗೆ ಒಂದೇ ಉತ್ತರ ಸಿಗುತ್ತದೆ. ಕೂದಲೆಳೆಯ ಸಾವಿರದ ಒಂದು ಪಾಲಿಗಿಂತ ತೆಳುವಾದ ಆ ಪದರದಲ್ಲಿರುವ ಯುರೇನಿಯಂ ಎಷ್ಟು ಕಡಿಮೆಯೆಂದರೆ, ಅದನ್ನು ಪುಟ್ಟ ಡಬ್ಬಿಯಲ್ಲಿಟ್ಟು ಕಾಗದಪತ್ರದ ಜೊತೆ ದೇಶ ದಾಟಿಸಬಹುದು.

ಹ್ಯೂ ಇದನ್ನೆಲ್ಲ ವಿವರಿಸಿದಾಗ ಮೆರಿಯಲ್ ಕನ್ನಡಕ ಒರೆಸಿಕೊಂಡು, ಇದು ಬಿಸ್ಕತ್ತಿಗೆ ಚಾಕೊಲೇಟ್ ಹೊದಿಸುವ ಕೆಲಸವೇ ತಾನೇ ಎಂದಳು. ಹ್ಯೂ ಸ್ವಲ್ಪ ಯೋಚಿಸಿ, ಹೌದು ಅಂದ. ಕೆಲಸ ಸಿಕ್ಕಿತು.

ಮೊದಲ ತಿಂಗಳಲ್ಲೇ ಅವಳೊಂದು ಎಡವಟ್ಟು ಮಾಡಿದಳು. ಚಾಕೊಲೇಟು ಅಚ್ಚಿಗೆ ಹೊಯ್ದ ಮೇಲೆ ಗಾಳಿಗುಳ್ಳೆ ಹೋಗಲೆಂದು ತಟ್ಟೆಯನ್ನು ಬೆರಳಗೆಣ್ಣಿನಿಂದ ಎರಡು ಸಲ ತಟ್ಟುವುದು ಅವಳ ಇಪ್ಪತ್ಮೂರು ವರ್ಷದ ಅಭ್ಯಾಸ. ಹಂಡೆಯೊಳಗೆ ಹರಳನ್ನು ಒಯ್ಯುವ ಉದ್ದನೆಯ ಕೋಲನ್ನೂ ಹಾಗೆಯೇ ಟಕ್ ಟಕ್ ಎಂದು ತಟ್ಟಿದಳು. ಹರಳು ಜಾರಿ, ಕೆಳಗಿನ ಪಂಪಿನ ಬಾಯೊಳಗೆ ಬಿತ್ತು. ಹಂಡೆ ತೆರೆದು, ಪಂಪು ಬಿಚ್ಚಿ, ಮತ್ತೆ ಎಲ್ಲವನ್ನೂ ಕಾಯಿಸಿ ಒಣಗಿಸುವ ಹೊತ್ತಿಗೆ ಒಂಬತ್ತು ದಿನ ಹೋಯಿತು. ಆ ಒಂಬತ್ತು ದಿನವೂ ಅವಳು ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋದಳು. ಅಂದಿನಿಂದ ಕೋಲು ಹಿಡಿದಾಗ ಬಲಗೈ ಮಾತ್ರ ಮುಂದೆ. ಎಡಗೈ ಬೆನ್ನ ಹಿಂದೆ. ಯಾರಾದರೂ ಹೊಸಬರು ಕಾರಣ ಕೇಳಿದರೆ, ಆ ಕೈಗೆ ಶಿಕ್ಷೆ ಆಗಿದೆ ಅನ್ನುತ್ತಾಳೆ.

ಇನ್ನೊಂದು ಅಭ್ಯಾಸ ನಮಗೆಲ್ಲ ಅವಳಿಂದ ಬಂತು. ಪದರ ಬೆಳೆಸುವ ದಿನ ಬೆಳಿಗ್ಗೆ ಅವಳು ಮನೆಯಲ್ಲೇ ಹದ ಮಾಡಿದ ಚಾಕೊಲೇಟಿನ ತೆಳು ಅಚ್ಚೊಂದನ್ನು ಚಹಾದ ಕೋಣೆಗೆ ತರುತ್ತಾಳೆ. ಯಾರ ಹರಳೋ ಅವರೇ ಅದನ್ನು ಮುರಿಯಬೇಕು. ಪಟ್ ಎಂದು ಸದ್ದು ಬಂದರೆ ಕೆಲಸಕ್ಕೆ ಇಳಿಯುವುದು. ಮೂಢನಂಬಿಕೆ ಎಂದು ಹ್ಯೂ ಆಗಾಗ ಗೊಣಗುತ್ತಿದ್ದ. ಆದರೆ ಎಲ್ಲರಿಗಿಂತ ದೊಡ್ಡ ತುಂಡು ಅವನಿಗೇ ಬೇಕಿತ್ತು.

ಕಳೆದ ಫೆಬ್ರವರಿಯ ಒಂದು ಮಂಗಳವಾರ ಆ ಅಚ್ಚನ್ನು ಮುರಿಯಬೇಕಾದವಳು ಹೆಸ್ಟರ್ ಬ್ರೇಥ್‌ವೇಟ್. ಕಂಬ್ರಿಯಾದ ಕಡಲತೀರದಿಂದ ಬಂದ ಸಂಶೋಧನಾ ವಿದ್ಯಾರ್ಥಿನಿ. ಅವಳ ಊರಿನ ಅರ್ಧ ಜನ ಅಣುಸ್ಥಾವರದಲ್ಲೇ ದುಡಿದವರು. ಮೂರೂವರೆ ವರ್ಷದಿಂದ ಅವಳ ಕೆಲಸ ಒಂದೇ, ನೈಟ್ರೋಜನ್ ಬೆರೆತ ಯುರೇನಿಯಂ ನೈಟ್ರೈಡಿನ ಒಂಟಿ ಹರಳಿನ ಪದರ ಬೆಳೆಸಿ, ನೀರು ಅದನ್ನು ಹೇಗೆ ತಿನ್ನುತ್ತದೆ ನೋಡುವುದು. ಹೊರದೇಶದ ಗ್ರೆನೋಬಲ್‌ನ ದೊಡ್ಡ ಎಕ್ಸ್‌ರೇ ಕೇಂದ್ರದಲ್ಲಿ ಅವಳಿಗೆ ಮೂರು ದಿನದ ಅವಕಾಶ ಸಿಕ್ಕಿತ್ತು. ಗುರುವಾರ ಹೊರಡಬೇಕು. ಈ ಸಲ ತಪ್ಪಿದರೆ ಮುಂದಿನ ಅವಕಾಶ ಬರುವ ವರ್ಷ. ಅಷ್ಟರೊಳಗೆ ಅವಳ ಅವಧಿಯೇ ಮುಗಿದಿರುತ್ತದೆ.

ಪದರಕ್ಕೆ ಆಧಾರವಾಗುವ ಹರಳಿನ ಚೌಕದ ಬಿಲ್ಲೆಗಳು ಐದು ಬಂದಿದ್ದವು. ಬಣ್ಣವಿಲ್ಲದ ನೀಲಮಣಿಯ ಮೇಲೆ ನಯೋಬಿಯಂ ಲೋಹದ ತೆಳು ಲೇಪ. ಅವುಗಳಲ್ಲಿ ನಾಲ್ಕು ಕೆಟ್ಟಿದ್ದವು. ಹೊಸದು ತರಿಸಲು ಆರು ವಾರ ಬೇಕು. ಉಳಿದದ್ದು ಒಂದು.

ಅವು ಕೆಟ್ಟದ್ದನ್ನು ಪ್ರತಿ ಸಲವೂ ನಾನೇ ಹೇಳಬೇಕಾಗಿತ್ತು. ಕೆಳಗಿನ ಕೋಣೆಯ ಎಕ್ಸ್‌ರೇ ಯಂತ್ರ ನನ್ನ ಪಾಲಿನದು. ಬಿಲ್ಲೆಯನ್ನು ಎಕ್ಸ್‌ರೇ ಕಿರಣದ ಎದುರು ಒಂದು ಪೂರ್ತಿ ಸುತ್ತು ತಿರುಗಿಸಿದರೆ, ಎಲ್ಲ ಕಣಗಳೂ ಒಂದೇ ಕಡೆ ಮುಖ ಮಾಡಿದ್ದ ಪಕ್ಷದಲ್ಲಿ ತೆರೆಯ ಮೇಲೆ ನಾಲ್ಕು ಶಿಖರ ಏಳುತ್ತವೆ. ಅರ್ಧ ಒಂದು ಕಡೆ, ಅರ್ಧ ಇನ್ನೊಂದು ಕಡೆ ತಿರುಗಿದ್ದರೆ ಎಂಟು. ನಾಲ್ಕು ಸಲವೂ ಎಂಟೇ ಬಂದಿದ್ದವು. ನಾಲ್ಕನೆಯ ಸಲ ಹೆಸ್ಟರ್ ಬರಬಾರದ ಜಾಗದಲ್ಲಿ ಎರಡನೆಯ ಶಿಖರ ಕಂಡ ಕೂಡಲೇ ಎದ್ದು ಹೋಗಿ, ಹೊರಗಿನ ಮೆಟ್ಟಿಲ ಮೇಲೆ ಕೋಟಿಲ್ಲದೆ ಕೂತಿದ್ದಳು.

ಆ ಮಂಗಳವಾರ ಚಹಾದ ಕೋಣೆಯಲ್ಲಿ ಮೆರಿಯಲ್ ಕಾಗದ ಬಿಚ್ಚಿ ಅಚ್ಚನ್ನು ಮುಂದಿಟ್ಟಳು. ಹೆಸ್ಟರ್ ಎರಡೂ ಕೈಯಲ್ಲಿ ಹಿಡಿದು ಮುರಿದಳು. ಸದ್ದೇ ಬರಲಿಲ್ಲ. ಅಚ್ಚು ಹಸಿ ಚರ್ಮದಂತೆ ಬಾಗಿ, ಮೆತ್ತಗೆ ಎರಡಾಯಿತು. ಮೇಲೆಲ್ಲ ಬೂದು ಬಣ್ಣದ ಮಚ್ಚೆ.

ಯಾರೂ ನಗಲಿಲ್ಲ. ಹೆಸ್ಟರ್ ತುಂಡುಗಳನ್ನು ಬಸಿಯ ಮೇಲಿಟ್ಟು ಬೆರಳು ಒರೆಸಿಕೊಂಡಳು. ಮೆರಿಯಲ್ ಮುಖ ಕೆಂಪಾಯಿತು. ಅವಳ ಗಂಡ ಕ್ಲೈವ್ ಈರುಳ್ಳಿ ಜಾತಿಯ ತನ್ನ ಲೀಕ್ ಸಸಿಗಳ ಕುಂಡಗಳಿಗೆ ಜಾಗ ಮಾಡಲು ಚಾಕೊಲೇಟನ್ನು ರಾತ್ರಿಯೆಲ್ಲ ಕೋಣೆ ಕಾಯಿಸುವ ರೇಡಿಯೇಟರಿನ ಮೇಲಿಟ್ಟಿದ್ದ ಸಂಗತಿ ಆಗ ಹೊರಬಿತ್ತು. ಕ್ಲೈವ್‌ಗೆ ಸಂಜೆ ಸಿಗಲಿರುವ ಮಂಗಳಾರತಿಯ ಬಗ್ಗೆ ಅವಳು ಶುರುಮಾಡಿದಳು, ಅರ್ಧಕ್ಕೆ ನಿಲ್ಲಿಸಿದಳು. ಮುರಿದ ತುಂಡೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು, ಮುರಿದ ಅಂಚನ್ನು ನೋಡುತ್ತ ನಿಂತುಬಿಟ್ಟಳು.

"ಎರಡು ಜಾತಿ," ಅಂದಳು ತನಗೆ ತಾನೇ.

ಹ್ಯೂ ಗಡಿಯಾರ ನೋಡಿಕೊಂಡು, ಇನ್ನು ಹೊರಡೋಣ ಎಂದ. ಅವಳು ಅಲುಗಲಿಲ್ಲ.

ಆಮೇಲೆ ಅವಳು ಹೇಳಿದ್ದನ್ನು ನಾನು ನನ್ನ ಮಾತಿನಲ್ಲೇ ಹೇಳುತ್ತೇನೆ. ಅವಳು ಹೇಳುವಾಗ ಕೈ ಬಾಯಿಗಿಂತ ಹೆಚ್ಚು ಮಾತಾಡುತ್ತಿತ್ತು. ಚಾಕೊಲೇಟಿನ ಕೊಬ್ಬು ಕೂಡ ಹರಳು ಕಟ್ಟುತ್ತದೆ. ತಣ್ಣಗಾಗುವಾಗ ಒಳ್ಳೆಯ ಹರಳೂ ಕೆಟ್ಟ ಹರಳೂ ಒಟ್ಟಿಗೇ ಹುಟ್ಟುತ್ತವೆ. ಹಾಗೆಯೇ ಬಿಟ್ಟರೆ ಬೂದು ಮಚ್ಚೆ. ಅದಕ್ಕೇ ಹದ ಮಾಡುವವರು ಮೊದಲು ತಣಿಸಿ, ಆಮೇಲೆ ಮತ್ತೆ ಚೂರೇ ಚೂರು ಬಿಸಿ ಮಾಡುತ್ತಾರೆ. ಕೆಟ್ಟವು ಸೂಕ್ಷ್ಮ, ಆ ಬಿಸಿಗೇ ಕರಗಿ ಹೋಗುತ್ತವೆ. ಒಳ್ಳೆಯವು ಗಟ್ಟಿ, ಉಳಿಯುತ್ತವೆ. ಉಳಿದವೇ ಬೀಜ. ಆಮೇಲೆ ಎಷ್ಟು ಹೊಯ್ದರೂ ಎಲ್ಲವೂ ಆ ಬೀಜದ ದಾರಿಯನ್ನೇ ಹಿಡಿಯುತ್ತದೆ.

"ನಾವು ನಾಲ್ಕು ಸಲವೂ ಮೊದಲಿಂದ ಕೊನೇವರೆಗೂ ಐನೂರು ಡಿಗ್ರೀಲೇ ಸುರೀತಾ ಇದ್ವಿ," ಅಂದಳು ಮೆರಿಯಲ್. "ಎರಡು ಜಾತೀನೂ ಬೆಳೆಸಿದ್ದು ನಾವೇ. ಈ ಸಲ ಒಂದ್ ಚೂರು ಹಾಕಿ ನಿಲ್ಸೋಣ, ಯಜಮಾನ್ರೆ. ಏಳ್ನೂರಕ್ಕೆ ಏರಿಸಿ ಹತ್ತು ನಿಮಿಷ ಬಿಡೋಣ. ತಾಳಿಕೊಳ್ಳದೇ ಇರೋದು ಸಾಯ್ಲಿ. ಆಮೇಲೆ ಇಳಿಸಿ ಮಿಕ್ಕಿದ್ದು ಹಾಕೋಣ."

ಹ್ಯೂ ಕಪ್ಪನ್ನು ಕೆಳಗಿಟ್ಟ. "ಏಳ್ನೂರರಲ್ಲಿ ಜಾಸ್ತಿ ಹೊತ್ತು ಇಟ್ರೆ ಕೆಳಗಿನ ನಯೋಬಿಯಂ ಮೇಲಕ್ಕೆ ಹತ್ತುತ್ತೆ, ಮೆರಿಯಲ್. ಎರಡೂ ಕಲಸಿಹೋಗುತ್ತೆ. ಆಗ ಅದು ಹರಳಲ್ಲ, ಗಂಜಿ."

"ಹದಿನೈದು ಇಟ್ರೆ ಗಂಜಿ. ನಾನು ಹತ್ತು ಅಂದೆ."

"ಎಲ್ಲಿಂದ ಬಂತು ಹತ್ತು?"

"ನಿಮ್ಮ ಐನೂರು ಎಲ್ಲಿಂದ ಬಂತು? ಯಾರೋ ಬರೆದಿಟ್ಟಿದ್ರು, ಅದಕ್ಕೇ ತಾನೆ?"

ಹ್ಯೂಗೆ ಸಿಟ್ಟು ಬಂದರೆ ಸ್ವರ ಇಳಿಯುತ್ತದೆ. ಇಳಿದ ಸ್ವರದಲ್ಲಿ, ಬಿಲ್ಲೆ ಹೆಸ್ಟರಳದು, ಅವಳೇ ಹೇಳಲಿ ಎಂದ.

ಹೆಸ್ಟರ್ ಬಸಿಯ ಮೇಲಿನ ಮಚ್ಚೆ ಹಿಡಿದ ಚಾಕೊಲೇಟನ್ನೇ ನೋಡುತ್ತಿದ್ದಳು.

"ಆಗೇ ಆಗುತ್ತೆ ಅಂತ ಗ್ಯಾರಂಟಿ ಕೊಡ್ತೀರಾ, ಮೆರಿಯಲ್?"

"ಇಲ್ಲ ಚಿನ್ನ. ಚಾಕೊಲೇಟಾಗಿದ್ರೆ ಕೊಡ್ತಿದ್ದೆ."

"ಹಳೇ ಥರಾನೇ ಮಾಡಿದ್ರೆ?"

"ಅದಕ್ಕೆ ಗ್ಯಾರಂಟಿ ಕೊಡ್ತೀನಿ. ಕೆಡುತ್ತೆ."

ಹೆಸ್ಟರ್ ನಕ್ಕುಬಿಟ್ಟಳು. ವಾರಗಳ ನಂತರ ಅವಳು ನಕ್ಕದ್ದು ಅದೇ ಮೊದಲು. ನಗು ಮುಗಿಯುವ ಮೊದಲೇ ಎದ್ದು ಕೈಗವಸು ಹುಡುಕತೊಡಗಿದಳು.

ಹತ್ತೂವರೆಗೆ ಹಂಡೆಯ ಮುಂದೆ ನಾವು ನಾಲ್ವರು. ನನಗೆ ಅಲ್ಲಿ ಕೆಲಸವಿರಲಿಲ್ಲ, ಆದರೂ ಇಳಿದು ಹೋಗಲು ಮನಸ್ಸಾಗಲಿಲ್ಲ. ಮೆರಿಯಲ್ ಎಡಗೈ ಬೆನ್ನ ಹಿಂದೆ ಕಟ್ಟಿ, ಬಲಗೈಯಲ್ಲಿ ಕೋಲು ತಳ್ಳಿ, ಕೊನೆಯ ಬಿಲ್ಲೆಯನ್ನು ತಟ್ಟೆಯ ಮೇಲೆ ಕೂರಿಸಿದಳು. ಆರ್ಗಾನ್ ಜೊತೆ ನೈಟ್ರೋಜನ್ನನ್ನೂ ಬಿಟ್ಟರು, ನೇರಳೆ ಬೆಳಕು ಹತ್ತಿತು. ತೊಂಬತ್ತು ಸೆಕೆಂಡು. ನಿಲ್ಲಿಸಿದರು. ಬಿಲ್ಲೆಯ ಮೇಲೆ ಆಗ ಇದ್ದದ್ದು ಕೆಲವೇ ಅಣುಗಳ ದಪ್ಪದ ಯುರೇನಿಯಂ ನೈಟ್ರೈಡು, ಮಂಜಿನ ಕಿಟಕಿಯ ಮೇಲೆ ಉಸಿರು ಬಿಟ್ಟಷ್ಟು.

ಕಾವು ಏರತೊಡಗಿತು. ಐನೂರರಲ್ಲಿ ಕತ್ತಲಾಗಿದ್ದ ಹಂಡೆಯೊಳಗೆ ಆರುನೂರು ದಾಟಿದ ಮೇಲೆ ಮಂಕು ಕೆಂಪು ಮೂಡಿತು. ನಿಧಾನವಾಗಿ ಮಾಗಿದ ಚೆರಿ ಹಣ್ಣಿನ ಬಣ್ಣಕ್ಕೆ ತಿರುಗಿತು. ಅಳತೆಯ ಪೆಟ್ಟಿಗೆ ಏಳುನೂರು ತೋರಿಸಿದ ಕೂಡಲೇ ಹೆಸ್ಟರ್ ಗಡಿಯಾರ ಒತ್ತಲು ಹೋದಳು.

"ಇನ್ನೂ ಇಲ್ಲ," ಅಂದಳು ಮೆರಿಯಲ್. ಅವಳು ಹಂಡೆಯ ಗಾಜಿನ ಕಿಂಡಿಗೆ ಮುಖ ಒತ್ತಿ ನಿಂತಿದ್ದಳು.

ಹ್ಯೂ ಅಳತೆಯ ಪೆಟ್ಟಿಗೆಯ ಕಡೆ ಬೆರಳು ತೋರಿಸಿದ. ಅದು ತೋರಿಸುವುದು ತಟ್ಟೆಯ ಬೆನ್ನಿನ ಬಿಸಿ, ಬಿಲ್ಲೆಯದಲ್ಲ ಎಂದು ಅವಳು ತಿರುಗದೆಯೇ ಹೇಳಿದಳು. ತಟ್ಟೆ ಕೆಂಪಾಗಿತ್ತು, ಸರಿ. ಆದರೆ ಅದರ ಮೇಲೆ ಬಿಲ್ಲೆ ಇನ್ನೂ ಚೌಕದ ಕಪ್ಪು ನೆರಳಿನಂತೆ ಬೇರೆಯಾಗಿ ಕಾಣುತ್ತಿತ್ತು. ಬೇರೆ ಕಾಣುವವರೆಗೆ ಅದಕ್ಕೆ ಬಿಸಿ ತಲುಪಿಲ್ಲ.

ಒಂದು ನಿಮಿಷ ಹೋಯಿತು. ಎರಡು. ಹ್ಯೂ ನನ್ನತ್ತ ನೋಡಿದ, ನಾನು ನೆಲ ನೋಡಿದೆ. ಮೂರು ನಿಮಿಷ. ಮೆರಿಯಲ್ ಹೇಳುವ ಮೊದಲಿನಿಂದಲೇ ನಯೋಬಿಯಂ ಮೇಲಕ್ಕೆ ಹತ್ತುತ್ತಿದ್ದರೆ, ಅವಳ ಹತ್ತು ನಿಮಿಷ ಮುಗಿಯುವಾಗ ಹದಿಮೂರು ದಾಟಿರುತ್ತದೆ ಎಂಬ ಲೆಕ್ಕ ನಮ್ಮ ಮೂವರ ತಲೆಯಲ್ಲೂ ಓಡುತ್ತಿತ್ತು. ಹೆಸ್ಟರಳ ಹೆಬ್ಬೆರಳು ಗಡಿಯಾರದ ಗುಂಡಿಯ ಮೇಲೆ ಬೆಳ್ಳಗಾಗಿತ್ತು.

ಕಿಂಡಿಯೊಳಗೆ ಚೌಕದ ಅಂಚು ಮಸುಕಾಯಿತು. ಒಂದು ಮೂಲೆ ಕರಗಿತು, ಆಮೇಲೆ ಎದುರಿನ ಮೂಲೆ. ತಟ್ಟೆಯ ಮೇಲೆ ಏನೋ ಇದೆ ಎಂಬ ಗುರುತೇ ಉಳಿಯದಂತೆ ಎಲ್ಲವೂ ಒಂದೇ ಕೆಂಪಾಯಿತು. ಮೆರಿಯಲ್ ಕೆಳತುಟಿಯನ್ನು ಹಲ್ಲಿನಿಂದ ಕಚ್ಚಿ ಬಿಟ್ಟಳು.

"ಈಗ. ಈಗ ಒತ್ತು, ಚಿನ್ನ."

ಆ ಹತ್ತು ನಿಮಿಷ ಪಂಪಿನ ಗುಂಯ್‌ಗುಡುವಿಕೆ ಮಾತ್ರ. ಮುಗಿದಾಗ ಹೆಸ್ಟರ್ ಬಿಸಿ ಇಳಿಸಿದಳು. ಕೆಂಪು ಆರಿ ಐನೂರಕ್ಕೆ ನಿಂತ ಮೇಲೆ ನೇರಳೆ ಬೆಳಕನ್ನು ಮತ್ತೆ ಹತ್ತಿಸಿ ಉಳಿದ ಪದರವನ್ನು ಸುರಿಸಿದರು. ಗಾಳಿ ತಾಗದಂತೆ ಕೊನೆಗೊಂದು ಹೊದಿಕೆ. ಆಮೇಲೆ ತಣಿಯಬೇಕು. ಅವಸರಪಟ್ಟರೆ ಬಿರುಕು. ನಾವು ಚೀಸ್ ಸ್ಯಾಂಡ್‌ವಿಚ್ಚು ತಿಂದೆವು. ಹ್ಯೂ ಮಚ್ಚೆ ಹಿಡಿದ ಚಾಕೊಲೇಟನ್ನೂ ಪೂರ್ತಿ ತಿಂದ.

ಎರಡೂವರೆಗೆ ಹೆಸ್ಟರ್ ಬಿಲ್ಲೆಯನ್ನು ಡಬ್ಬಿಯಲ್ಲಿಟ್ಟು, ಯುರೇನಿಯಂ ಅಂಟಿಲ್ಲವೆಂದು ಬಾಗಿಲ ಬಳಿಯ ಯಂತ್ರದಲ್ಲಿ ಕೈಕಾಲು ತಪಾಸಣೆ ಮಾಡಿಸಿಕೊಂಡು, ನನ್ನ ಕೋಣೆಗೆ ಇಳಿದು ಬಂದಳು. ಹಿಂದೆ ಮೆರಿಯಲ್, ಅವಳ ಹಿಂದೆ ಹ್ಯೂ. ಪದರ ನೋಡಲು ಕನ್ನಡಿಯಂತಿತ್ತು. ಆದರೆ ಹಿಂದಿನ ನಾಲ್ಕೂ ಹಾಗೆಯೇ ಇದ್ದವು.

ಪೂರ್ತಿ ಒಂದು ಸುತ್ತು ತಿರುಗಲು ನಲವತ್ತು ನಿಮಿಷ. ನಾನು ಕಿರಣ ಬಿಟ್ಟೆ. ತೆರೆಯ ಮೇಲೆ ಗೆರೆಯೊಂದು ಎಡದಿಂದ ಬಲಕ್ಕೆ ನೆಲಮಟ್ಟದಲ್ಲೇ ಹರಿಯತೊಡಗಿತು. ಎಂಟನೆಯ ಡಿಗ್ರಿಯಲ್ಲಿ ಎದ್ದಿತು. ನೆಟ್ಟಗೆ, ಸೂಜಿಯಂತೆ. ಒಂದು.

ಒಂದು ಯಾವಾಗಲೂ ಬರುತ್ತದೆ. ನಾವು ಹೆದರಿದ್ದ ಜಾಗ ಐವತ್ಮೂರು. ಹಿಂದಿನ ನಾಲ್ಕು ಸಲವೂ ಎರಡನೆಯ ಜಾತಿ ತಲೆ ಎತ್ತಿದ್ದು ಅಲ್ಲಿಯೇ. ಗೆರೆ ಮೂವತ್ತು ದಾಟಿತು, ನಲವತ್ತು ದಾಟಿತು. ಹೆಸ್ಟರ್ ನನ್ನ ಕುರ್ಚಿಯ ಬೆನ್ನನ್ನು ಹಿಡಿದಿದ್ದಳು. ಐವತ್ತು. ಐವತ್ತೊಂದು. ಐವತ್ತೆರಡರಲ್ಲಿ ಗೆರೆ ಸ್ವಲ್ಪ ಉಬ್ಬಿದಂತಾಯಿತು. ಹ್ಯೂ ಉಸಿರೆಳೆದುಕೊಂಡ ಸದ್ದು ಕೇಳಿಸಿತು. ಉಬ್ಬು ಹಾಗೆಯೇ ಅಲುಗಿ, ಮತ್ತೆ ನೆಲಕ್ಕೆ ಕೂತಿತು. ಯಂತ್ರದ ಬರಿಯ ಕದಲಿಕೆ. ಐವತ್ಮೂರು ಸಪಾಟು. ಐವತ್ತೈದು ಸಪಾಟು. ಅರವತ್ತು.

"ಮಾತಾಡ್ಬೇಡಿ," ಅಂದಳು ಹೆಸ್ಟರ್. ಯಾರೂ ಮಾತಾಡಿರಲಿಲ್ಲ.

ತೊಂಬತ್ತೆಂಟರಲ್ಲಿ ಎರಡನೆಯ ಸೂಜಿ ಎದ್ದಿತು. ಮತ್ತೆ ಬಯಲು. ನೂರ ಎಂಬತ್ತೆಂಟರಲ್ಲಿ ಮೂರನೆಯದು. ಇನ್ನೂರ ಮೂವತ್ಮೂರು ಸಪಾಟಾಗಿ ದಾಟಿದಾಗ ಹ್ಯೂ ಕನ್ನಡಕ ತೆಗೆದು ಜೇಬಿಗಿಟ್ಟು, ಏನೂ ಕಾಣದೆ ಮತ್ತೆ ಹಾಕಿಕೊಂಡ. ಇನ್ನೂರ ಎಪ್ಪತ್ತೆಂಟು. ನಾಲ್ಕು. ಮುನ್ನೂರ ಅರವತ್ತಕ್ಕೆ ಯಂತ್ರ ನಿಂತಾಗ ತೆರೆಯ ಮೇಲೆ ನಾಲ್ಕೇ ನಾಲ್ಕು ಶಿಖರಗಳಿದ್ದವು, ಬಟಾ ಬಯಲಿನಲ್ಲಿ ನಾಲ್ಕು ಮರಗಳ ಹಾಗೆ. ಕಲಸಿಹೋಗಿದೆಯೋ ನೋಡಲು ನಾನು ಇನ್ನೊಂದು ಅಳತೆ ತೆಗೆದೆ. ಮುಖ್ಯ ಶಿಖರದ ಎರಡೂ ಬದಿಗೆ ಸಣ್ಣ ಸಣ್ಣ ಅಲೆಗಳು ಸಾಲಾಗಿ ಇಳಿದು ಹೋಗಿದ್ದವು, ಕೊಳಕ್ಕೆ ಕಲ್ಲೆಸೆದಂತೆ. ಮೇಲಿನ ಮೈಯೂ ಕೆಳಗಿನ ಮೈಯೂ ನುಣುಪಾಗಿದ್ದರೆ ಮಾತ್ರ ಬರುವ ಅಲೆಗಳು ಅವು. ನಾನು ಅವನ್ನು ಎಣಿಸಿದೆ. ಒಂದು ಬದಿಗೆ ಹನ್ನೊಂದು.

ಹೆಸ್ಟರ್ ಮೆರಿಯಲ್‌ಳನ್ನು ತಬ್ಬಿಕೊಂಡಳು. ಮೆರಿಯಲ್‌ಳ ಎಡಗೈ ಇನ್ನೂ ಬೆನ್ನ ಹಿಂದೆಯೇ ಇತ್ತು; ಬಲಗೈಯಲ್ಲೇ ಅವಳ ಬೆನ್ನು ಸವರಿದಳು. ನೋಡು, ಅಳ್ತಾ ನಿಂತ್ರೆ ಗುರುವಾರ ರೈಲು ತಪ್ಪುತ್ತೆ ಎಂದು ಗದರಿದಳು. ಅವಳ ಕಣ್ಣೂ ಒಣಗಿರಲಿಲ್ಲ.

ಹ್ಯೂ ಆಗಲೇ ದಾಖಲೆ ಪುಸ್ತಕ ತಂದಿದ್ದ. ಈ ಹೊಸ ವಿಧಾನವನ್ನು ಇವತ್ತೇ ಬರೆದಿಡಬೇಕು, ಲೋಕದಲ್ಲಿ ಯಾರು ಓದಿದರೂ ಹಾಗೆಯೇ ಮಾಡುವಂತಿರಬೇಕು ಎಂದ. ಹೆಸ್ಟರ್ ಬರೆಯತೊಡಗಿದಳು. ತೊಂಬತ್ತು ಸೆಕೆಂಡು ಪದರ. ಏಳುನೂರಕ್ಕೆ ಏರಿಸುವುದು. ಹತ್ತು ನಿಮಿಷ. ಅಲ್ಲಿ ಪೆನ್ನು ನಿಂತಿತು. ಹತ್ತು ನಿಮಿಷ, ಯಾವಾಗಿನಿಂದ?

ಅವಳು ಸ್ವಲ್ಪ ಯೋಚಿಸಿ, 'ಮೆರಿಯಲ್ ಹೇಳಿದಾಗಿನಿಂದ' ಎಂದು ಬರೆದಳು.

"ಇದನ್ನ ಹೀಗೇ ಬಿಡೋಕಾಗಲ್ಲ," ಅಂದ ಹ್ಯೂ. ಆದರೆ ಅಳಿಸಲಿಲ್ಲ.

ಬುಧವಾರ ಬೆಳಿಗ್ಗೆ ಹೆಸ್ಟರ್ ಬಟ್ಟೆ ತುಂಬಿಕೊಳ್ಳುವುದನ್ನು ಬಿಟ್ಟು ಪ್ರಯೋಗಶಾಲೆಗೆ ಬಂದಿದ್ದಳು. ಕೆಟ್ಟ ನಾಲ್ಕು ಬಿಲ್ಲೆಗಳಲ್ಲಿ ಒಂದನ್ನು ಅಭ್ಯಾಸಕ್ಕೆಂದು ತಟ್ಟೆಯ ಮೇಲಿಟ್ಟು ಮೆರಿಯಲ್ ಕಾವು ಏರಿಸಿದ್ದಳು. ಕಿಂಡಿಗೆ ಮುಖ ಒತ್ತಿದ್ದವಳು ಈ ಸಲ ಹೆಸ್ಟರ್. ಮೆರಿಯಲ್ ಪಕ್ಕದ ಮೇಜಿನ ಬಳಿ, ಹೊಸ ಅಚ್ಚಿನ ಕಾಗದ ಬಿಚ್ಚುತ್ತಿದ್ದಳು. ಒಳಗೆ ತಿನ್ನುವ ಹಾಗಿಲ್ಲ ಎಂದು ನಾನು ನೆನಪಿಸಿದ್ದಕ್ಕೆ, ಗೊತ್ತು, ಬರೀ ನೋಡ್ಕೊಳ್ತಿದೀನಿ ಅಂದಳು.

"ಇನ್ನೂ ಚೌಕ ಕಾಣ್ತಿದೆ," ಅಂದಳು ಹೆಸ್ಟರ್.

"ಕಾಣ್ಲಿ, ಬಿಡು."

"ಒಂದು ಮೂಲೆ ಹೋಯ್ತು."

ಮೆರಿಯಲ್ ಅಳತೆಯ ಪೆಟ್ಟಿಗೆಗೆ ಬೆನ್ನು ಮಾಡಿ, ಗಡಿಯಾರವನ್ನು ಕೈಯಲ್ಲಿ ಹಿಡಿದು, ಆ ಹುಡುಗಿಯ ಬಾಯಿಂದ 'ಈಗ' ಬರುವುದನ್ನು ಕಾಯುತ್ತ ನಿಂತಳು.